ಎಡಗಡೆಯ ಕಿಡ್ನಿ

ಜನವರಿ ೧೩, ಮಂಗಳವಾರ

ಇವತ್ತು ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿಸಿ ತಣ್ಣಗಿನ ಮಂಚದ ಮೇಲೆ ಮಲಗಿಸಿದರು. ಹೊಟ್ಟೆಗೆ ಲೋಳೆಯಂಥದ್ದನ್ನು ಸವರಿ, ಅದರ ಮೇಲೆ ಒಂದು ಯಂತ್ರದ ಮೂತಿಯನ್ನು ಒತ್ತಿ ಒತ್ತಿ ಎಳೆದಾಡಿದರು. ಪಕ್ಕದ ಪರದೆಯಲ್ಲಿ ನನ್ನ ಒಳಭಾಗ ಕಾಣಿಸಿತು. ಬೂದು ಬಣ್ಣದ ಕೆಸರು. ಸ್ಕ್ಯಾನ್ ಮಾಡುವವಳು ಕೊಬ್ಬು ಜಾಸ್ತಿ, ಏನೂ ಸರಿಯಾಗಿ ಕಾಣುತ್ತಿಲ್ಲ ಎಂದು ಜೊತೆಯವಳಿಗೆ ಹೇಳಿದಳು. ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಒರೆಸಿಕೊಳ್ಳಲು ಕೊಟ್ಟ ಕಾಗದ ಹರಿದು ಹೊಟ್ಟೆಗೇ ಮೆತ್ತಿಕೊಂಡಿತು. ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಹೊಕ್ಕುಳಲ್ಲಿ ಅದರ ಚೂರು ಸಿಕ್ಕಿತು. ಥೂ.

ಅಕ್ಕನ ಎರಡು ಕಿಡ್ನಿಗಳೂ ಕೈಕೊಟ್ಟಿವೆ. ವಾರದಲ್ಲಿ ಮೂರು ದಿನ ಅವಳನ್ನು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿಸಿ, ರಕ್ತ ತೊಳೆದು ಕಳಿಸುತ್ತಾರೆ. ಭಾವನಿಗೆ ಸಕ್ಕರೆ ಕಾಯಿಲೆ, ಅವರದು ನಡೆಯುವುದಿಲ್ಲ. ಮಕ್ಕಳಿಲ್ಲ. ಒಡಹುಟ್ಟಿದವನು ನಾನೊಬ್ಬನೇ. ನನ್ನ ಕಿಡ್ನಿ ಅವಳಿಗೆ ಹೊಂದುತ್ತದೆಯಂತೆ. ಆದರೆ ನನ್ನ ಮೈ ಆಪರೇಷನ್ನಿಗೆ ಹೊಂದುವುದಿಲ್ಲ. ಡಾಕ್ಟರಮ್ಮ ನನ್ನ ಮುಖ ಬಿಟ್ಟು ಹೊಟ್ಟೆಯನ್ನೇ ನೋಡಿಕೊಂಡು ಮಾತಾಡಿದರು.

"ಒಂದನ್ನ ತೆಗೆದ ಮೇಲೆ ಉಳಿದಿರೋ ಒಂದೇ ನಿಮ್ಮ ಇಡೀ ಸಂಸಾರ ತೂಗಿಸ್ಬೇಕು. ಈ ತೂಕ, ಈ ಬಿ.ಪಿ. ಇಟ್ಕೊಂಡು ಬಂದ್ರೆ ನಾನು ಕತ್ತರಿ ಮುಟ್ಟಲ್ಲ. ದಿನಾ ವ್ಯಾಯಾಮ ಮಾಡಿ. ಇಳಿಸ್ಕೊಂಡು ಬನ್ನಿ, ಎಡಗಡೆಯದನ್ನ ತಗೋತೀವಿ."

ತರಕಾರಿ ಅಂಗಡಿಯ ಬುಟ್ಟಿಯಿಂದ ಆರಿಸಿದ ಹಾಗೆ.

ತೂಕದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಯಾರೂ ಓದುವುದಿಲ್ಲ ಎಂದು ಗೊತ್ತು. ಆದರೂ ಬರೆಯುವುದಿಲ್ಲ. ಅವರು ಕೊಟ್ಟ ಕಾಗದದಲ್ಲಿ ‘ಮೂತ್ರಪಿಂಡ ದಾನಿ’ ಎಂದು ಅಚ್ಚು ಹಾಕಿದ್ದಾರೆ. ಇಂಥ ಪದವನ್ನು ಯಾರು ಹುಟ್ಟಿಸಿದರೋ. ಮೊದಲರ್ಧ ಊಟದ ಹೊತ್ತಿನಲ್ಲಿ ಹೇಳಬಾರದ್ದು, ಉಳಿದರ್ಧ ಯಾವ ಹೊತ್ತಿನಲ್ಲೂ ಕೇಳಬಾರದ್ದು.

ಜನವರಿ ೧೬, ಶುಕ್ರವಾರ

ಫೋನಿನ ಮೇಲೆ ಫೋನು. ಚಿಕ್ಕಮ್ಮ, ಚಿಕ್ಕಮ್ಮನ ಮಗಳು, ಭಾವನ ಕಡೆಯವರು. ಇಂಥ ತಮ್ಮನನ್ನು ಪಡೆಯಲು ಪುಣ್ಯ ಮಾಡಿರಬೇಕಂತೆ. ಹೊಗಳಿಕೆ ಬೆಲ್ಲದ ಪಾಕದಂತೆ ಕಿವಿಗೆ ಅಂಟಿಕೊಳ್ಳುತ್ತದೆ. ಒಬ್ಬರಾದರೂ ನಿನಗೆ ಹೆದರಿಕೆ ಇದೆಯಾ ಎಂದು ಕೇಳಲಿಲ್ಲ.

ಅಕ್ಕ ಮಾತ್ರ ಏನೂ ಹೇಳಿಲ್ಲ. ಕಿಡ್ನಿ ಕೊಡು ಎಂದು ಕೇಳಿದವರೂ ಭಾವನೇ. ಅವಳು ಕೇಳುವವಳಲ್ಲ, ಹೇಳುವವಳು. ಕಾರು ಕಲಿಸುವುದು ಅವಳ ವೃತ್ತಿ, ಬೇರೆಯವರ ಕಾಲ ಕೆಳಗಿನ ಬ್ರೇಕನ್ನು ತನ್ನ ಕಾಲಲ್ಲಿ ಒತ್ತುವುದು ಅವಳ ಸ್ವಭಾವ. ಹುಟ್ಟಿದಾಗಿನಿಂದ ನನ್ನನ್ನು ಗುಂಡ ಎಂದೇ ಕರೆದಿದ್ದಾಳೆ. ನನ್ನ ಮದುವೆಯ ದಿನವೂ. ನಾವಿಬ್ಬರೂ ಒಂದು ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ಜಗಳ ಖಂಡಿತ. ಅವಳ ಮೇಲೆ ನನಗೆ ಪ್ರೀತಿ ಉಕ್ಕಿ ಹರಿಯುತ್ತಿದೆ ಎಂದು ಚಿಕ್ಕಮ್ಮ ಅಂದುಕೊಂಡಿದ್ದರೆ ಅಂದುಕೊಳ್ಳಲಿ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಅಷ್ಟೇ.

ಜನವರಿ ೧೯, ಸೋಮವಾರ

ಜಿಮ್ಮಿಗೆ ಸೇರಿದೆ. ಹೆಂಡತಿ ಕೆಲಸ ಮಾಡುವ ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಬಾಗಿಲು ತೆಗೆದರೆ ಒದ್ದೆ ಸಾಕ್ಸಿನ ವಾಸನೆ, ಅದರ ಮೇಲೆ ಯಾರೋ ಎರಚಿದ ಸೆಂಟು. ನಾಲ್ಕೂ ಗೋಡೆಗೆ ಕನ್ನಡಿ. ಒಂದು ಹೊಟ್ಟೆ ಹೊತ್ತುಕೊಂಡು ಒಳಗೆ ಹೋದವನಿಗೆ ಎತ್ತ ತಿರುಗಿದರೂ ಹೊಟ್ಟೆಗಳ ಜಾತ್ರೆ. ಮಲಗಿ ಕಬ್ಬಿಣ ಎತ್ತುವ ಬೆಂಚಿನ ಮೇಲೆ ಹಿಂದಿನವನ ಬೆನ್ನಿನ ಆಕಾರದಲ್ಲಿ ಬೆವರು. ಅದರ ಮೇಲೆ ನನ್ನನ್ನು ಮಲಗು ಎಂದರು.

ಕಲಿಸುವವನಿಗೆ ನಾನು ಪೈಲ್ವಾನ ಎಂದು ಹೆಸರಿಟ್ಟಿದ್ದೇನೆ. ಅವನ ತೋಳು ನನ್ನ ತೊಡೆಯಷ್ಟಿದೆ, ಕುತ್ತಿಗೆ ಇಲ್ಲವೇ ಇಲ್ಲ. ಮೊದಲು ಮನಸ್ಸಲ್ಲಿ ಒಂದು ಗುರಿ ಇಟ್ಟುಕೊಳ್ಳಬೇಕು ಸರ್, ಪ್ರೇರಣೆ ಒಳಗಿನಿಂದ ಬರಬೇಕು ಎಂದ. ಒಳಗಿನಿಂದ ಬಂದದ್ದು ಬೆಳಗಿನ ಕಾಫಿ. ಬಚ್ಚಲಿಗೆ ಓಡಿದೆ. ಅಲ್ಲಿಯೂ ಕನ್ನಡಿ.

ಜನವರಿ ೨೩, ಶುಕ್ರವಾರ

ಮೈಕೈ ನೋವು. ಬಟ್ಟಲು ಹಿಡಿದರೆ ಕೈ ನಡುಗುತ್ತದೆ. ಕೂದಲು ಬಾಚಲು ತೋಳು ಮೇಲೇಳದೆ ತಲೆಯನ್ನೇ ಬಾಚಣಿಗೆಯ ಹತ್ತಿರ ತಂದೆ. ಜಿಮ್ಮಿಗೆ ಇನ್ನು ಹೋಗುವುದಿಲ್ಲ. ಆ ಬೆಂಚು ಕನಸಿನಲ್ಲಿ ಬಂತು, ಒದ್ದೆಯಾಗಿಯೇ.

ಫೆಬ್ರವರಿ ೨, ಸೋಮವಾರ

ಭಾವನ ಸಲಹೆಯಂತೆ ಶಾಲೆಯ ಮೈದಾನ. ಬೆಳಿಗ್ಗೆ ಊರಿನ ನಿವೃತ್ತರೆಲ್ಲ ಅಲ್ಲಿ ಸುತ್ತು ಹೊಡೆಯುತ್ತಾರೆ. ಕೆಮ್ಮಿ ಕ್ಯಾಕರಿಸಿ ಬೇಲಿಯ ಬುಡಕ್ಕೆ ಉಗಿದು, ಶುದ್ಧ ಗಾಳಿಯ ಗುಣಗಾನ ಮಾಡುತ್ತಾರೆ. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ನನ್ನನ್ನು ದಾಟಿ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ದಾಟಿ ಹೋದಳು. ಎರಡನೆಯ ಸಲ ನಗೆ ಬೀರಿದಳು.

ಒಂದು ಮೂಲೆಯಲ್ಲಿ ನಗೆಕೂಟ. ಹತ್ತಿಪ್ಪತ್ತು ಜನ ಆಕಾಶಕ್ಕೆ ಕೈ ಎತ್ತಿ, ಕಾರಣವಿಲ್ಲದೆ ಹೋ ಹೋ ಎಂದು ನಗುತ್ತಾರೆ. ಬಾಯಿ ತೆರೆದಾಗ ಇಬ್ಬರ ಕಟ್ಟುಹಲ್ಲಿನ ಸೆಟ್ಟು ನಾನು ಕೆಲಸ ಮಾಡುವ ಅಂಗಡಿಯದೇ ಎಂದು ಗುರುತು ಹಿಡಿದೆ. ಒಂದು ನಾನೇ ಮಾಡಿದ್ದು. ಮೇಲಿನ ಸಾಲು ಸಡಿಲವಾಗಿ, ನಗುವಿನ ಹಿಂದೆ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಅದನ್ನು ನೋಡಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ನನ್ನ ಕೆಲಸವೇ ಅದು, ಬೇರೆಯವರ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸುವುದು. ಬೆಳಿಗ್ಗೆ ಸ್ಟೂಲಿನ ಮೇಲೆ ಕೂತರೆ ಸಂಜೆಯೇ ಏಳುವುದು. ಅಚ್ಚಿನ ಜೊತೆ ಒಮ್ಮೊಮ್ಮೆ ಅವರು ತಿಂದದ್ದರ ಚೂರೂ ಬರುತ್ತದೆ. ಅದನ್ನು ತೊಳೆಯಲು ನನಗೆ ಹೇಸಿಗೆಯಿಲ್ಲ. ಪರರ ಬಾಯಿಗೆ ಒಗ್ಗಿಕೊಂಡಿದ್ದೇನೆ. ನನ್ನ ಮೈಗೇ ನಾನು ಒಗ್ಗಿಲ್ಲ.

ಫೆಬ್ರವರಿ ೧೧, ಬುಧವಾರ

ನಡೆಯಲು ಹೋಗುತ್ತೇನೆ ಎಂದು ಶೂ ಕಟ್ಟಿಕೊಂಡು ಹೊರಡುತ್ತೇನೆ. ಬೇಕರಿಯ ತನಕ ಹೋಗುತ್ತೇನೆ. ಅದರ ಹಿಂದಿನ ಬೀದಿಯಲ್ಲಿ ಒಂದು ಕಲ್ಲು ಬೆಂಚಿದೆ, ಮರದ ಮರೆ. ಅಲ್ಲಿ ಕೂತು ಕ್ರೀಮ್ ಬನ್ನು ತಿನ್ನುತ್ತೇನೆ. ಕೈ ನೆಕ್ಕಿಕೊಂಡು, ಕೊಳಾಯಿಯಲ್ಲಿ ಮುಖಕ್ಕೆ ನೀರು ಚಿಮುಕಿಸಿಕೊಂಡು ಮನೆಗೆ ಬಂದರೆ ಹೆಂಡತಿ, ಪಾಪ, ಎಷ್ಟು ಬೆವರಿದ್ದೀರಿ ಎನ್ನುತ್ತಾಳೆ. ಟವೆಲ್ ಕೊಡುತ್ತಾಳೆ.

ಬನ್ನು ಚೆನ್ನಾಗಿಯೂ ಇಲ್ಲ. ಕ್ರೀಮಿನಲ್ಲಿ ಡಾಲ್ಡಾದ ಜಿಡ್ಡು, ನಾಲಿಗೆಯ ಮೇಲೆ ಮೇಣದಂತೆ ಕೂರುತ್ತದೆ. ಆದರೂ ನಾಳೆಯೂ ತಿನ್ನುತ್ತೇನೆ, ನನಗೆ ಗೊತ್ತು.

ಫೆಬ್ರವರಿ ೧೬, ಸೋಮವಾರ

ಅಕ್ಕ ನೋಡಿದಳು.

ಬೆಂಚಿನ ಮೇಲೆ ಕೂತು ಎರಡನೆಯ ಬನ್ನಿಗೆ ಬಾಯಿ ಹಾಕಿದ್ದೆ. ಅವಳ ಕಲಿಕೆಯ ಕಾರು ತಿರುವಿನಲ್ಲಿ ತೆವಳುತ್ತ ಬಂತು. ಸ್ಟೀರಿಂಗ್ ಹಿಡಿದವಳು ಯಾರೋ ಹೊಸಬಳು, ಗಾಬರಿಯ ಮುಖ. ಪಕ್ಕದಲ್ಲಿ ಅಕ್ಕ. ಕಾರು ನನ್ನ ಎದುರಿಗೇ ಗಕ್ಕನೆ ನಿಂತು ಆಫ್ ಆಯಿತು. ಅಷ್ಟು ಹೊತ್ತು ಅಕ್ಕ ಕಿಟಕಿಯಿಂದ ನನ್ನನ್ನೇ ನೋಡಿದಳು. ನಾನು ಬನ್ನನ್ನು ಕೆಳಗಿಳಿಸಬೇಕಿತ್ತು. ಇಳಿಸಲಿಲ್ಲ, ಬಾಯಲ್ಲೇ ಇತ್ತು. ಮತ್ತೆ ಸ್ಟಾರ್ಟ್ ಆಗಿ ಹೊರಟುಹೋದರು.

ದಿನವೆಲ್ಲ ಫೋನಿಗಾಗಿ ಕಾದೆ. ಮಾಡಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅವಳ ಮುಖ ಊದಿಕೊಂಡಿತ್ತು, ಹಳದಿಯಾಗಿತ್ತು. ಹಳೆಯ ಪ್ಲಾಸ್ಟರಿನ ಬಣ್ಣ.

ಫೆಬ್ರವರಿ ೧೮, ಬುಧವಾರ

ತಡೆಯಲಾರದೆ ನಾನೇ ಅವಳ ಮನೆಗೆ ಹೋದೆ. ಭಾವ ಮಾತ್ರೆ ತರಲು ಹೋಗಿದ್ದರು. ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಒಂದು ಐಸ್ ಚೂರನ್ನು ಬಾಯಲ್ಲಿ ಹೊರಳಿಸುತ್ತಿದ್ದಳು. ಬೇಕಾದಷ್ಟು ನೀರು ಕುಡಿಯುವಂತಿಲ್ಲ, ಬಾಯಾರಿದರೆ ಇಷ್ಟೇ. ಬನ್ನಿನ ವಿಷಯ ನಾನೇ ತೆಗೆದೆ. ಅದು ಒಂದೇ ದಿನ, ಅವತ್ತು ತಲೆ ಸುತ್ತಿತ್ತು ಎಂದು ಶುರುಮಾಡಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

"ಗುಂಡ, ನನ್ನಿಂದ ಆಗಲ್ಲ ಅಂತ ಬಾಯಿಬಿಟ್ಟು ಹೇಳಿಬಿಡು. ನಾನು ಬೇಜಾರು ಮಾಡ್ಕೊಳ್ಳಲ್ಲ. ಯಂತ್ರ ಇದೆ, ಇದ್ದಷ್ಟು ದಿನ ಇರ್ತೀನಿ. ಆದ್ರೆ ಮರದ ಹಿಂದೆ ಕೂತ್ಕೊಂಡು ತಿನ್ಬೇಡ. ನೋಡೋಕಾಗಲ್ಲ ನನ್ನ ಕೈಲಿ."

ಆಗಲ್ಲ ಎನ್ನಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು. ಬಾಯಲ್ಲಿದ್ದ ಐಸು ಕಟಕಟ ಎನ್ನುತ್ತಿತ್ತು. ನನಗೆ ಸಿಟ್ಟು ಬಂತು. ನನಗೆ ಆಗುವುದಿಲ್ಲ ಎಂದು ಅವಳೇ ಮೊದಲು ತೀರ್ಮಾನ ಮಾಡಿಬಿಟ್ಟಿದ್ದಳಲ್ಲ. ಎಂದಿನಂತೆ ನನ್ನ ಬ್ರೇಕು ಅವಳ ಕಾಲ ಕೆಳಗೆ. ಬರುತ್ತೇನೆ ಎಂದೂ ಹೇಳದೆ ಎದ್ದು ಬಂದೆ.

ಫೆಬ್ರವರಿ ೧೯, ಗುರುವಾರ

ಸಿಟ್ಟಿನಲ್ಲಿ ನಡೆದೆ. ಎಲ್ಲಿಗೆ ಹೋದೆ ಎಂದು ನೋಡಲೇ ಇಲ್ಲ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಿದ್ದ ಮಾತೆಲ್ಲ ಜೋಡಿಸಿಕೊಂಡು ಹೋದೆ. ಮಾತು ಮುಗಿಯುವ ಹೊತ್ತಿಗೆ ಸೇತುವೆ ದಾಟಿದ್ದೆ. ಕೆಳಗೆ ಚರಂಡಿಯ ನೊರೆ, ಕೊಳೆತ ಸೋರೆಕಾಯಿಯ ವಾಸನೆ. ತೊಡೆಗೆ ತೊಡೆ ಉಜ್ಜಿ ಚರ್ಮ ಸುಲಿದಿದೆ. ಪೌಡರ್ ಹಾಕಿಕೊಂಡು, ಕಾಲು ಅಗಲಿಸಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಕಪ್ಪೆಯೂ ಇದಕ್ಕಿಂತ ಲಕ್ಷಣವಾಗಿರುತ್ತದೆ.

ಮಾರ್ಚ್ ೩, ಮಂಗಳವಾರ

ಭಾವ ಬಚ್ಚಲಲ್ಲಿ ಜಾರಿ ಪಾದ ಉಳುಕಿಸಿಕೊಂಡಿದ್ದಾರೆ. ಡಯಾಲಿಸಿಸ್ ಹೊತ್ತಿನಲ್ಲಿ ಅಕ್ಕನ ಜೊತೆಗೆ ಒಬ್ಬರಿರಬೇಕು. ನನ್ನ ತಲೆಗೆ ಬಂತು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದ ಮೇಲೆ ಬಿಡಿ, ಬೆಳಿಗ್ಗೆ ಬೇಗ ಬಂದು ಕೆಲಸ ಮುಗಿಸಿಕೊಡುತ್ತೇನೆ ಎಂದು ಮಾಲೀಕನನ್ನು ಒಪ್ಪಿಸಿದೆ.

ಬಸ್ಸಿನಲ್ಲಿ ಹೊರಟೆ. ನೂಕುನುಗ್ಗಲು. ಒಬ್ಬನ ಕಂಕುಳು ಸರಿಯಾಗಿ ನನ್ನ ಮೂಗಿನ ಮಟ್ಟಕ್ಕೆ. ಪಕ್ಕದಲ್ಲಿ ಯಾರದೋ ಚೀಲದಿಂದ ಮೀನಿನ ನೀರು ನನ್ನ ಶೂ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡನೆಯ ನಿಲ್ದಾಣದಲ್ಲೇ ಇಳಿದು ಉಳಿದ ದಾರಿ ನಡೆದೆ. ಬಹಳ ದೂರ. ಇಳಿದದ್ದಕ್ಕೆ ನನ್ನನ್ನೇ ಬೈದುಕೊಂಡೆ. ಮತ್ತೆ ಹತ್ತಲು ಮನಸ್ಸಾಗಲಿಲ್ಲ.

ಡಯಾಲಿಸಿಸ್ ವಾರ್ಡು ನಾಲ್ಕನೆಯ ಮಹಡಿಯಲ್ಲಿ. ಲಿಫ್ಟಿನಲ್ಲಿ ಆಗಷ್ಟೇ ಯಾರಿಗೋ ವಾಂತಿಯಾಗಿತ್ತು, ಮೇಲೆ ಫಿನಾಯಿಲ್ ಸುರಿದಿದ್ದರು. ಎರಡೂ ಕೂಡಿದ ನಾತ. ಮೆಟ್ಟಿಲು ಹತ್ತಿದೆ. ಮೇಲೆ ಮುಟ್ಟಿದಾಗ ನರ್ಸು ನನ್ನನ್ನು ನೋಡಿ, ರೋಗಿ ನೀವೇನಾ ಎಂದು ಕೇಳಿದಳು.

ಮಾರ್ಚ್ ೧೪, ಶನಿವಾರ

ಅಕ್ಕನ ತೋಳಿನಲ್ಲಿ ರಕ್ತನಾಳವನ್ನು ಜೋಡಿಸಿ ಹೊಲಿದ ಜಾಗ ಹಗ್ಗದ ಗಂಟಿನಂತೆ ಉಬ್ಬಿದೆ. ಅಲ್ಲಿಗೆ ಚುಚ್ಚುವ ಸೂಜಿ ಗೋಣಿಚೀಲ ಹೊಲಿಯುವ ಸೂಜಿಯಷ್ಟಿದೆ. ನಾನು ಕಿಟಕಿಯ ಕಡೆ ತಿರುಗುತ್ತೇನೆ. ಅವಳು ಚುಚ್ಚಿಸಿಕೊಂಡು, ಈಗ ತಿರುಗಬಹುದು ಎನ್ನುತ್ತಾಳೆ. ಕೆಂಪು ಕೊಳವೆಗಳು ಸುತ್ತಿ ಸುತ್ತಿ ಯಂತ್ರದೊಳಗೆ ಹೋಗುತ್ತವೆ. ಮುಟ್ಟಿ ನೋಡು ಎಂದು ಇವತ್ತು ಬಲವಂತ ಮಾಡಿದಳು. ಕೊಳವೆ ಬೆಚ್ಚಗಿತ್ತು. ಆಮೇಲೆ ಎಷ್ಟು ಹೊತ್ತಾದರೂ ಬೆರಳಿನಿಂದ ಆ ಬಿಸಿ ಹೋಗಲಿಲ್ಲ.

ಮೊದಲ ದಿನಗಳಲ್ಲಿ ಜಗಳವಾಡಲು ಏನೂ ಸಿಗದೆ ಸುಮ್ಮನೆ ಕೂತಿದ್ದೆವು. ಈಗ ಅವಳು ತನ್ನ ಶಿಷ್ಯರ ಕಥೆ ಹೇಳುತ್ತಾಳೆ. ಒಬ್ಬ ದಂತವೈದ್ಯ ಆರು ತಿಂಗಳಿಂದ ಕಲಿಯುತ್ತಿದ್ದಾನಂತೆ, ಹಿಂದಕ್ಕೆ ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾನಂತೆ. ಅವನು ಕಳಿಸುವ ಅಚ್ಚುಗಳು ಯಾಕೆ ಸೊಟ್ಟಗಿರುತ್ತವೆ ಎಂದು ನನಗೆ ಇವತ್ತು ಗೊತ್ತಾಯಿತು. ಹೇಳಿದೆ. ಅವಳು ನಕ್ಕ ರಭಸಕ್ಕೆ ಯಂತ್ರ ಕಿರುಚಿಕೊಂಡಿತು. ನರ್ಸು ಬಂದು ತೋಳು ಅಲ್ಲಾಡಿಸಬೇಡಿ ಎಂದು ಇಬ್ಬರಿಗೂ ಗದರಿದಳು.

ಭಾವನ ಕಾಲು ಸರಿಹೋಗಿದೆಯಂತೆ, ಇನ್ನು ಅವರೇ ಬರುತ್ತಾರಂತೆ. ಉಳುಕು ಪೂರ್ತಿ ವಾಸಿಯಾಗಲಿ, ಅವಸರ ಬೇಡ ಎಂದು ಹೇಳಿ ಬಂದೆ.

ಮಾರ್ಚ್ ೩೧, ಮಂಗಳವಾರ

ಹೋಗುತ್ತ ಬರುತ್ತ ಎರಡೂ ಕಡೆ ನಡೆದೆ. ಧೂಳು. ಶೂ ಒಳಗೆ ಕಲ್ಲು. ಬರೆಯುವಂಥದ್ದೇನಿಲ್ಲ.

ಏಪ್ರಿಲ್ ೧೮, ಶನಿವಾರ

ಅಂಗಡಿಯಲ್ಲಿ ಪ್ಲಾಸ್ಟರಿನ ಮೂಟೆ ಎತ್ತುವಾಗ ಪ್ಯಾಂಟು ಜಾರಿತು. ಎಲ್ಲರೂ ನೋಡಿದರು. ಮನೆಯಲ್ಲಿ ಹೆಂಡತಿ ಬೆಲ್ಟಿಗೆ ಹೊಸ ತೂತು ಹಾಕಿದಳು, ಕನ್ನಡಕದ ತಿರುಪು ಬಿಗಿಯುವ ಸಣ್ಣ ಸಾಧನವನ್ನು ಒಲೆಯಲ್ಲಿ ಕಾಯಿಸಿ. ಸುಟ್ಟ ಚರ್ಮದ ವಾಸನೆ ಅಡುಗೆಮನೆಯಿಂದ ಇನ್ನೂ ಹೋಗಿಲ್ಲ. ನೀವು ಚೆನ್ನಾಗಿ ಕಾಣುತ್ತೀರಿ ಎಂದಳು. ಸುಳ್ಳು. ಹೊಟ್ಟೆ ಇಳಿದ ಜಾಗದಲ್ಲಿ ಚರ್ಮ ಖಾಲಿ ಚೀಲದಂತೆ ಜೋಲುತ್ತಿದೆ. ಮೊದಲು ತುಂಬಿದ ಮೂಟೆ, ಈಗ ಖಾಲಿ ಮೂಟೆ. ಯಾವುದಕ್ಕೆಂದು ಖುಷಿಪಡಲಿ.

ಡಾಕ್ಟರಮ್ಮ ಇನ್ನೂ ಇಳಿಯಬೇಕು ಎಂದಿದ್ದಾರೆ. ಬಿ.ಪಿ. ಪರವಾಗಿಲ್ಲವಂತೆ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಮೈದಾನಕ್ಕೆ ಹೋಗುತ್ತೇನೆ ಎಂದೆ. ಅದು ನಿಜವೂ ಹೌದು. ಆ ಮುದುಕಿಯ ಬೆನ್ನು ನೋಡಿಕೊಂಡು ನಡೆಯುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ. ನಿನ್ನೆ ಒಂದು ಸಲವಾದರೂ ಅವಳು ನನ್ನ ಬೆನ್ನು ನೋಡಿದಳು.

ಮೇ ೭, ಗುರುವಾರ

ಇವತ್ತು ಡಯಾಲಿಸಿಸ್ ಅರ್ಧ ಮುಗಿದಿತ್ತು.

ಅಕ್ಕ ಏನೋ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. ತುಟಿ ಬೆಳ್ಳಗಾಯಿತು. ಕಾಲು ಸೆಟೆದುಕೊಂಡಿತು. ಅವಳ ಕೈ ನನ್ನ ಅಂಗಿಯನ್ನು ಹಿಡಿಯಿತು, ಅದೇ ಹೊತ್ತಿಗೆ ಅದೇ ಅಂಗಿಯ ಮೇಲೆ ವಾಂತಿ ಮಾಡಿದಳು. ಯಂತ್ರ ಕೂಗಿತು. ನರ್ಸು ಓಡಿ ಬಂದು ಮಂಚದ ತಲೆಯ ಕಡೆಯನ್ನು ತಗ್ಗಿಸಿದಳು, ಕಾಲು ಮೇಲೆತ್ತಿ ಹಿಡಿಯಿರಿ ಎಂದಳು. ಹಿಡಿದೆ. ಅವಳ ಮೀನಖಂಡ ಕಲ್ಲಿನಂತಾಗಿತ್ತು. ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತಂತೆ. ಬಾಟಲಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

ಅಂಗಿ ಬದಲಿಸಿಕೊಂಡು ಬನ್ನಿ, ನಾವು ನೋಡಿಕೊಳ್ಳುತ್ತೇವೆ ಎಂದು ನರ್ಸು ಎರಡು ಸಲ ಹೇಳಿದಳು. ಅಂಗಿಯಿಂದ ಹುಳಿ ವಾಸನೆ. ಎದೆಗೆ ತಣ್ಣಗೆ ಅಂಟುತ್ತಿತ್ತು. ಕಾಲು ಬಿಡಲಿಲ್ಲ. ಬಿಟ್ಟರೆ ಮತ್ತೆ ಸೆಟೆದುಕೊಂಡೀತು ಅನ್ನಿಸಿತು.

ಮನೆಗೆ ಹಾಗೇ ನಡೆದು ಬಂದೆ. ಜನ ದಾರಿ ಬಿಟ್ಟುಕೊಟ್ಟರು. ಅಂಗಿಯನ್ನು ಎಸೆಯುತ್ತೇನೆ ಎಂದು ಹೆಂಡತಿ ತೆಗೆದುಕೊಂಡಳು. ತೊಳೆದರೆ ಹೋಗುತ್ತದೆ, ಇಲ್ಲಿ ಕೊಡು ಎಂದೆ.

ಇಷ್ಟು ನಿಧಾನವಾಗಿ ಇಳಿಯುವ ಮೈ ಯಾವ ಕರ್ಮಕ್ಕೆ. ನಾಳೆಯಿಂದ ಮೈದಾನದಲ್ಲಿ ಓಡಬೇಕು.

ಮೇ ೮, ಶುಕ್ರವಾರ

ಓಡಿದೆ. ಎದೆಯ ಮಾಂಸ ಒಂದು ಕಡೆ, ಹೊಟ್ಟೆ ಒಂದು ಕಡೆ ಕುಣಿಯಿತು. ನಗೆಕೂಟದವರಿಗೆ ಮೊದಲ ಬಾರಿ ನಗಲು ಕಾರಣ ಸಿಕ್ಕಿತು.

ಜೂನ್ ೯, ಮಂಗಳವಾರ

ಒಪ್ಪಿಗೆ ಸಿಕ್ಕಿತು. ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿದರು. ಅದೇ ಲೋಳೆ, ಅದೇ ಯಂತ್ರದ ಮೂತಿ. ಎಡಗಡೆಯ ಕಿಡ್ನಿ ತುಂಬ ಚೆನ್ನಾಗಿದೆ, ಇಪ್ಪತ್ತೈದರ ಹುಡುಗನ ಕಿಡ್ನಿ ಎಂದು ಡಾಕ್ಟರಮ್ಮ ಹೇಳಿದರು. ಈ ತಿಂಗಳ ಇಪ್ಪತ್ತಾರಕ್ಕೆ ಆಪರೇಷನ್.

ಮೆಟ್ಟಿಲು ಇಳಿಯುವಾಗ ನಾನು ಹಲ್ಲು ಕಿರಿಯುತ್ತಿದ್ದೆ ಎಂದು ಎದುರು ಬಂದವರ ಮುಖ ನೋಡಿದ ಮೇಲೆ ತಿಳಿಯಿತು. ನಲವತ್ತೆಂಟು ವರ್ಷಕ್ಕೆ, ಯಾರೂ ನೋಡದ ಒಂದು ಅಂಗವನ್ನು ಹೊಗಳಿಸಿಕೊಂಡು ಹಿಗ್ಗುವುದು. ಅಸಹ್ಯ. ಸ್ನಾನ ಮಾಡುವಾಗ ಎಡಗಡೆ ಪಕ್ಕೆಯನ್ನು ಸ್ವಲ್ಪ ಜಾಸ್ತಿ ಹೊತ್ತು ಉಜ್ಜಿದೆ.

ಅಕ್ಕನಿಗೆ ಹೇಳಿದಾಗ ಹೂಂ ಎಂದಳು. ಸೂಜಿ ಚುಚ್ಚುವಾಗ ಇವತ್ತು ಅವಳೂ ಕಿಟಕಿಯ ಕಡೆ ತಿರುಗಿಕೊಂಡಳು.

ಜೂನ್ ೧೭, ಬುಧವಾರ

ಮಧ್ಯಾಹ್ನ ಭಾವನ ಫೋನು. ಸತ್ತವರೊಬ್ಬರ ಕಿಡ್ನಿ ಬಂದಿದೆ, ಅಕ್ಕನಿಗೆ ಹೊಂದುತ್ತದೆ, ಕೂಡಲೇ ಬಾ. ಅಕ್ಕನ ಹೆಸರನ್ನು ಎಂದೋ ಸರದಿಗೆ ಹಚ್ಚಿದ್ದರು, ಅದು ಬರುವುದಿಲ್ಲ ಎಂದೇ ಎಲ್ಲರೂ ಬಿಟ್ಟಿದ್ದೆವು. ಕೈಯಲ್ಲಿದ್ದ ಮೇಣ ಹಾಗೇ ಹಿಡಿದುಕೊಂಡು ಓಡಿದೆ. ನಿಜವಾಗಿ ಓಡಿದೆ. ಆಸ್ಪತ್ರೆ ಮುಟ್ಟಿದಾಗಲೂ ಮುಷ್ಟಿಯಲ್ಲಿ ಮೇಣವಿತ್ತು, ಬೆರಳಿನ ಅಚ್ಚು ಬಿದ್ದಿತ್ತು.

ಡಾಕ್ಟರಮ್ಮ ಅವಳ ಮುಂದೆ ಎರಡನ್ನೂ ಇಟ್ಟಿದ್ದರು. ತಮ್ಮನದು ಮುಂದಿನ ವಾರ, ಬದುಕಿರುವವರದು ಸಾಮಾನ್ಯವಾಗಿ ಹೆಚ್ಚು ವರ್ಷ ಬರುತ್ತದೆ. ಇದು ಇವತ್ತೇ, ಇದೂ ಒಳ್ಳೆಯದೇ. ಈಗಲೇ ಹೇಳಬೇಕು. ನಾನು ಒಳಗೆ ಹೋಗುವ ಹೊತ್ತಿಗೆ ಅವಳು ಹೇಳಿಯಾಗಿತ್ತು. ಇವತ್ತಿನದೇ ಸಾಕು ಎಂದು.

ನನಗೆ ಏನಾಯಿತೋ ಗೊತ್ತಿಲ್ಲ. ಆಸ್ಪತ್ರೆಯೆಂದೂ ನೋಡದೆ ಜಗಳ ತೆಗೆದೆ. ಯಾರದೋ ಗುರುತು ಪರಿಚಯವಿಲ್ಲದವರದು ಬೇಕು, ನನ್ನದು ಬೇಡವಾ ಎಂದೆ. ಡಾಕ್ಟರೇ ಒಳ್ಳೆಯದೆಂದು ಹೇಳಿದ್ದು, ಇಷ್ಟು ತಿಂಗಳು ನಾನು ಇದನ್ನು ಹೇಗೆ ತಯಾರು ಮಾಡಿದೆ ನಿನಗೆ ಗೊತ್ತಾ ಎಂದೆ. ಭಾವ ನನ್ನ ತೋಳು ಹಿಡಿದು ಹೊರಗೆ ಕರೆದರು. ಹೋಗಲಿಲ್ಲ. ಅಕ್ಕ ಆಸ್ಪತ್ರೆಯ ಹಸಿರು ಗೌನಿನಲ್ಲಿ ಕೂತಿದ್ದಳು, ಹಿಂದೆ ದಾರ ಬಿಚ್ಚಿಕೊಂಡಿತ್ತು.

"ಅದು ಸತ್ತವರದ್ದು ಕಣೋ. ಅವರಿಗೆ ಇನ್ನು ಬೇಕಾಗಿಲ್ಲ. ನಿನಗೆ ನಿನ್ನದು ಬೇಕು. ಅಷ್ಟು ಕಷ್ಟಪಟ್ಟು ಒಂದು ಮೈ ಮಾಡ್ಕೊಂಡಿದ್ದೀಯ, ಅದನ್ನ ನಾನು ಕೊಯ್ಸಲ್ಲ."

"ಅದು ತೀರ್ಮಾನ ಮಾಡೋಕೆ ನೀನ್ಯಾರು," ಎಂದೆ.

"ನಿನ್ನ ಅಕ್ಕ. ಹಿಂದೆ ದಾರ ಕಟ್ಟು, ಗಾಳಿ ಬಡೀತಿದೆ."

ಕಟ್ಟಿದೆ. ಬೆರಳಲ್ಲಿ ಮೇಣ ಮೆತ್ತಿಕೊಂಡಿದ್ದರಿಂದ ಗಂಟು ಸರಿಯಾಗಿ ಬೀಳಲಿಲ್ಲ. ಕರೆದುಕೊಂಡು ಹೋದರು.

ಜೂನ್ ೧೮, ಗುರುವಾರ

ಆಯಿತು. ಹೊಸ ಕಿಡ್ನಿ ಕೆಲಸ ಶುರುಮಾಡಿದೆ.

ಗಾಜಿನ ಆಚೆ ಅವಳ ಮಂಚಕ್ಕೆ ಮೂತ್ರದ ಚೀಲ ನೇತುಹಾಕಿದ್ದಾರೆ. ಹಳದಿ ನೀರು ತೊಟ್ಟಿಕ್ಕುವುದನ್ನು ಭಾವ, ನಾನು, ನನ್ನ ಹೆಂಡತಿ ಸಾಲಾಗಿ ನಿಂತು ನೋಡಿದೆವು. ಭಾವ ಬಿಕ್ಕಿ ಬಿಕ್ಕಿ ಅತ್ತರು. ನಾನೂ. ಒಂದು ಚೀಲ ಮೂತ್ರ ನೋಡಿ ಮೂರು ಜನ ಕಣ್ಣೊರೆಸಿಕೊಳ್ಳುವುದು ಎಂದರೆ.

ಈ ಹೊತ್ತಿನಲ್ಲಿ ಇನ್ನೊಂದು ಮನೆಯಲ್ಲೂ ಅಳುತ್ತಿರುತ್ತಾರೆ. ಯಾರೆಂದು ಕೇಳಿದರೆ ಹೇಳುವುದಿಲ್ಲವಂತೆ. ಅವರನ್ನು ನೆನೆದಾಗ, ನಾನು ನಿನ್ನೆ ಗುರುತು ಪರಿಚಯವಿಲ್ಲದವರು ಎಂದದ್ದು ಬಾಯಲ್ಲಿ ಕಹಿಯಾಗಿ ಉಳಿದಿದೆ.

ಜೂನ್ ೨೩, ಮಂಗಳವಾರ

ಎದ್ದೇಳಲು ಕಾರಣವಿಲ್ಲ. ಎದ್ದೇಳಲಿಲ್ಲ. ಹೊಟ್ಟೆ ಇಳಿಸುವುದು ಬೇಡ, ಮೆಟ್ಟಿಲು ಬೇಡ, ಎಡಗಡೆಯದು ಒಳಗೆ ಸುಮ್ಮನೆ ಕೂತಿದೆ. ಉಜ್ಜಿ ಹೊಳಪು ಕೊಟ್ಟು ಪೆಟ್ಟಿಗೆಗೆ ಹಾಕಿದ ಸೆಟ್ಟನ್ನು ಗಿರಾಕಿ ಬಂದು ಒಯ್ಯದ ಹಾಗೆ. ಅಂಗಡಿಯಲ್ಲಿ ಅಂಥ ಪೆಟ್ಟಿಗೆಗಳ ಒಂದು ಕಪಾಟೇ ಇದೆ, ಧೂಳು ಹಿಡಿದು.

ಹೆಂಡತಿ ಸಂಜೆ ಕ್ರೀಮ್ ಬನ್ನು ತಂದಿದ್ದಳು. ಇಷ್ಟು ದಿನ ಕಟ್ಟಿಹಾಕಿದ ಬಾಯಿಗೆ ಇರಲಿ ಎಂದು. ಅರ್ಧ ತಿಂದೆ. ಡಾಲ್ಡಾ. ಉಳಿದದ್ದನ್ನು ಇರುವೆ ಮುತ್ತಿತು.

ಕುರ್ಚಿಯಲ್ಲಿ ಕೂತರೆ ಕಾಲು ಚುಳುಚುಳು ಎನ್ನುತ್ತದೆ, ಮಂಚದಲ್ಲಿ ಮಲಗಿದರೆ ಬೆನ್ನು ಹಿಡಿಯುತ್ತದೆ. ಇದೇನು ಮೈಯೋ. ದುಡಿಸಿದಾಗಲೂ ಗೊಣಗುತ್ತದೆ, ಬಿಟ್ಟರೂ ಗೊಣಗುತ್ತದೆ.

ಜೂನ್ ೨೬, ಶುಕ್ರವಾರ

ಇವತ್ತು ನನ್ನನ್ನು ಕೊಯ್ಯಬೇಕಿದ್ದ ದಿನ. ಮನೆಯಲ್ಲಿ ಕೂರಲಾಗದೆ ಮೈದಾನಕ್ಕೆ ಹೋದೆ. ಮುದುಕಿ, ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಕೇಳಿದಳು. ಹುಷಾರಿರಲಿಲ್ಲ ಎಂದೆ. ಅವಳ ಬಾಯಿಂದ ಲವಂಗದ ವಾಸನೆ, ಹಲ್ಲುನೋವು ಇರಬೇಕು. ಜೊತೆಯಲ್ಲೇ ಸುತ್ತು ಹಾಕಿದೆವು.

ಜೂನ್ ೩೦, ಮಂಗಳವಾರ

ಅಕ್ಕನನ್ನು ಎರಡನೆಯ ಮಹಡಿಯ ಬೇರೆ ವಾರ್ಡಿಗೆ ಹಾಕಿದ್ದಾರೆ. ಸೋಂಕು ತಗಲುತ್ತದೆಂದು ಯಾರನ್ನೂ ಬಿಡುವುದಿಲ್ಲ, ಭಾವನನ್ನು ಕೂಡ ಬಾಗಿಲ ತನಕ ಮಾತ್ರ. ಕೆಳಗೆ ಅಂಗಳದಲ್ಲಿ ನಿಂತು ಫೋನ್ ಮಾಡಿದೆ. ಮೇಲೆ ಉದ್ದಕ್ಕೂ ಗಾಜಿನ ಕಿಟಕಿಯ ಓಣಿ. ಅವಳು ಗಾಜಿನ ಹತ್ತಿರ ಬಂದು ನಿಂತಳು. ಮುಖಕ್ಕೆ ಮಾಸ್ಕು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಮುಖದ ಹಳದಿ ಹೋಗಿದೆ. ಅಷ್ಟು ದೂರದಿಂದಲೂ ಕಾಣಿಸಿತು.

ಆ ದಿನದ ಜಗಳದ ಬಗ್ಗೆ ಏನೋ ಹೇಳಬೇಕೆಂದುಕೊಂಡು ಹೋಗಿದ್ದೆ. ಅವಳು ನರ್ಸನ್ನು ಬೈಯಲು ಶುರುಮಾಡಿದಳು. ಓಣಿಯ ಈ ತುದಿಯಿಂದ ಆ ತುದಿಗೆ ದಿನಾ ನಡೆಯಬೇಕಂತೆ. ಹೊಲಿಗೆ ಎಳೆಯುತ್ತದೆ, ಚಪ್ಪಲಿ ಬೇರೆ ಯಾರದೋ ಹಾಕಿಕೊಂಡದ್ದು, ನೆಲ ಅಂಟಂಟು, ಪಕ್ಕದ ಕೋಣೆಯವನು ಇಡೀ ದಿನ ಕೆಮ್ಮುತ್ತಾನೆ, ನನಗೆ ಹೇಸಿಗೆ ಬಂದುಹೋಗಿದೆ, ನಾನು ನಡೆಯುವುದಿಲ್ಲ ಎಂದಳು. ಕಿವಿ ಕೊಟ್ಟು ಕೇಳಿದೆ. ಒಂದು ಮಾತೂ ತಪ್ಪಿರಲಿಲ್ಲ.

"ಸರಿ," ಎಂದೆ, "ನಾನಿಲ್ಲಿ ಕೆಳಗೆ ನಡೀತೀನಿ. ನೀನು ಅಲ್ಲಿ ಮೇಲೆ ನಡಿ. ಬೈತಾನೇ ನಡಿ."

ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. ಆಮೇಲೆ ಹೊರಟಳು, ಗೋಡೆ ಹಿಡಿದುಕೊಂಡು. ನಾನೂ ಕೆಳಗೆ ಅವಳ ಸಮಕ್ಕೆ ಹೊರಟೆ. ಅಂಗಳದಲ್ಲಿ ಆಸ್ಪತ್ರೆಯ ಕಸದ ಡಬ್ಬಿಗಳ ಸಾಲು, ಹಳದಿ, ಕೆಂಪು, ಒಂದರ ಮುಚ್ಚಳ ಮುರಿದು ಒಳಗಿನಿಂದ ಹತ್ತಿಯೂ ಬಟ್ಟೆಯೂ ಇಣುಕುತ್ತಿದ್ದವು. ಉಸಿರು ಬಿಗಿಹಿಡಿದು ದಾಟಿದೆ. ಅವಳು ಒಂದು ಕಿಟಕಿ ದಾಟಿದರೆ ನಾನೂ ಅಷ್ಟೇ ದೂರ. ಅಷ್ಟು ನಿಧಾನ ನಡೆಯುವುದು ಓಡುವುದಕ್ಕಿಂತ ಕಷ್ಟ. ಫೋನಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು.

ಅರ್ಧ ದಾರಿಯಲ್ಲಿ ಅವಳು ನಿಂತಳು. ಹಣೆಯನ್ನು ಗಾಜಿಗೆ ಒತ್ತಿಕೊಂಡಳು. ನಾನೂ ನಿಂತೆ.

"ನೀನ್ಯಾಕೆ ನಿಂತೆ?"

"ನೀನು ನಿಂತೆಯಲ್ಲ."

"ನನಗೆ ಹೊಲಿಗೆ ಇದೆ. ನಿನಗೇನು ದಾಡಿ? ನಡಿ."

ಫೋನು ಕಿವಿಗಿಟ್ಟುಕೊಂಡೇ ನಡೆದೆ. ಗೇಟಿನ ತನಕ ಹೋಗಿ ತಿರುಗಿದೆ. ಮೇಲೆ ಅವಳೂ ಗಾಜಿನಿಂದ ಹಣೆ ತೆಗೆದು ಮತ್ತೆ ಹೆಜ್ಜೆ ಎತ್ತಿದ್ದಳು.